ಬೆಳಗಿಗೆ ಕೆಂಪಾಗುವ ಅರಿಶಿನ

ಘಟಪ್ರಭಾ ರೈಲು ನಿಲ್ದಾಣದ ಹಿಂಬದಿಯಲ್ಲಿದ್ದ ಗ್ಯಾಸ್ ಡಿಪೋದ ಕದವನ್ನು ಕೇದಾರಿ ಆ ಮುಂಜಾನೆ ತೆರೆದಾಗ, ಈಶಾನ್ಯ ಮೂಲೆಯ ಸಿಲಿಂಡರಿನ ಕೊರಳಿಗೆ ಹಿಂದಿನ ಸಂಜೆ ಅವನೇ ಬಳಿದಿದ್ದ ಅರಿಶಿನ ಕೆಂಪಾಗಿತ್ತು. ಯಾರಾದರೂ ಬಂದು ಮೇಲೆ ಕುಂಕುಮ ಉಜ್ಜಿದ್ದರೆ ಬೆರಳಿನ ಗುರುತು ಇರಬೇಕಿತ್ತು, ಇರಲಿಲ್ಲ. ಬಣ್ಣ ಹೊರಗಿನಿಂದ ಬಂದಂತೆ ಕಾಣುತ್ತಿರಲಿಲ್ಲ, ಕಬ್ಬಿಣದ ಒಳಗಿನಿಂದ ಒಸರಿದಂತಿತ್ತು. ಕದಕ್ಕೆ ಬೀಗ ಹಾಕಿದವನು ಅವನೇ. ಕೀಲಿ ಇಡೀ ರಾತ್ರಿ ಅವನ ಉಡಿದಾರದಲ್ಲಿಯೇ ಇತ್ತು.

ಅವನು ಕೈಮುಗಿದ. ನಾಲ್ಕೂ ಕಡೆಯ ಕದಗಳನ್ನು ತೆರೆದು ಕೆಲಸಕ್ಕೆ ತೊಡಗಿದ. ಬಿಸಿಲೇರಿದ ಮೇಲೆ ಮತ್ತೊಮ್ಮೆ ಆ ಮೂಲೆಗೆ ಹೋಗಿ ನೋಡಿದರೆ ಅರಿಶಿನ ಅರಿಶಿನವಾಗಿಯೇ ಇತ್ತು. ಹಳದಿ, ನಿರ್ದೋಷಿ, ತಾನು ಯಾವ ಬಣ್ಣಕ್ಕೂ ತಿರುಗಿದ್ದೇ ಇಲ್ಲವೆಂಬಂತೆ. ಮರುದಿನ ಮುಂಜಾನೆ ಅದು ಮತ್ತೆ ಕೆಂಪಾಗಿತ್ತು.

ಡಿಪೋ ನೇಮಣ್ಣ ಸಾವಕಾರರದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಐಸ್ ಫ್ಯಾಕ್ಟರಿಗಳಿಗೂ ಹಾಲು ತಂಪು ಮಾಡುವ ಡೇರಿಗಳಿಗೂ ಬೇಕಾದ ಅಮೋನಿಯಾ ಗ್ಯಾಸು ಎದೆಯೆತ್ತರದ ಕಬ್ಬಿಣದ ಸಿಲಿಂಡರುಗಳಲ್ಲಿ ಇಲ್ಲಿಂದಲೇ ಹೋಗುತ್ತಿತ್ತು. ಖಾಲಿಯಾದವು ಇಲ್ಲಿಗೇ ಮರಳುತ್ತಿದ್ದವು. ಕೇದಾರಿ ಅದರ ಉಗ್ರಾಣ ಕಾಯುವವನು. ಹೆಂಡತಿ ಕರೆವ್ವನೊಂದಿಗೆ ಡಿಪೋದ ಹಿಂದಿನ ಒಂದು ಕೋಣೆಯಲ್ಲಿ ವಾಸ. ಅವನಿಗೆ ಬದುಕು ಕೊಟ್ಟಿದ್ದು ಒಂದು ಸುಳ್ಳು. ಕೆಲಸ ಕೇಳಿಕೊಂಡು ಬಂದ ದಿನ ನೇಮಣ್ಣ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ:

“ಗ್ಯಾಸಿನ ಧಂದೆ ಇದು, ತಮ್ಮಾ. ಕೈಕಾಲಿಗಿಂತ ಮೂಗು ಮುಖ್ಯ. ಮೂಗು ನೆಟ್ಟಗ ಐತಿಲ್ಲೋ?”

“ಐತ್ರಿ ಸಾವ್ಕಾರ್ರ. ಆಚೆ ಓಣ್ಯಾಗ ಒಗ್ಗರಣಿ ಹಾಕಿದರ ಯಾರ ಮನೀದು ಅಂತ ಇಲ್ಲೇ ನಿಂತು ಹೇಳ್ತೇನಿ.”

ನೇಮಣ್ಣ ನಕ್ಕು ಕೀಲಿ ಕೊಟ್ಟಿದ್ದ. ಕೇದಾರಿಯ ಮೂಗಿಗೆ ಆಗಲೇ ವರ್ಷದಿಂದ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

ವಾಸನೆಯ ಅರಿವು ಹೋದದ್ದು ಗೋಕಾಕಿನ ಹೊರಗಿನ ಒಂದು ಐಸ್ ಫ್ಯಾಕ್ಟರಿಯಲ್ಲಿ, ಪೈಪೊಂದು ಸೀಳಿದ ದಿನ. ಜೊತೆಗಾರ ಮಾಲಿಂಗಪ್ಪನಿಗೆ ಮೊದಲು ವಾಸನೆ ಬಂದಿತ್ತು. “ಕೇದಾರಿ, ಓಡು!” ಎಂದು ಕೂಗಿ ಅವನನ್ನು ಬಾಗಿಲಿನತ್ತ ದೂಡಿದ. ಕೂಗುವುದಕ್ಕೆ ಬಾಯಿ ತೆರೆದವನ ಎದೆಗೆ ಗ್ಯಾಸು ಇಳಿಯಿತು. ಮಾಲಿಂಗಪ್ಪ ಹೊರಗೆ ಬರಲಿಲ್ಲ. ಕೇದಾರಿ ಬಂದ, ಆದರೆ ಪೂರ್ತಿಯಾಗಿ ಬರಲಿಲ್ಲ. ಆಮೇಲಿನ ಅವನ ಲೋಕ ಗಾಜಿನ ಆಚೆಗಿನ ಲೋಕದಂತಾಯಿತು. ಮಳೆ ಬಿದ್ದ ಎರೆಮಣ್ಣು ಕಣ್ಣಿಗೆ ಒದ್ದೆಯಾಗುತ್ತಿತ್ತು, ಅಷ್ಟೇ. ರೊಟ್ಟಿ ಸೀಯುವುದು ಹೊಗೆಯಿಂದ ತಿಳಿಯುತ್ತಿತ್ತು. ಕತ್ತಲಲ್ಲಿ ಪಕ್ಕದಲ್ಲಿ ಮಲಗಿದ ಹೆಂಡತಿ ಇದ್ದಾಳೋ ಇಲ್ಲವೋ ಎಂಬುದನ್ನು ಕೈಚಾಚಿ ಮುಟ್ಟಿಯೇ ಖಾತ್ರಿ ಮಾಡಿಕೊಳ್ಳಬೇಕಾಗಿತ್ತು. ಕೆಲವೊಮ್ಮೆ ಅವನಿಗೆ ಒಂದು ಅನುಮಾನ ಬರುತ್ತಿತ್ತು: ಒಳಗೇ ಉಳಿದವನು ತಾನು, ಹೊರಗೆ ಬಂದವನು ಮಾಲಿಂಗಪ್ಪ.

ಗುಟ್ಟು ಗೊತ್ತಿದ್ದದ್ದು ಕರೆವ್ವನಿಗೆ ಮಾತ್ರ. ನಾಲ್ಕು ಜನರ ನಡುವೆ ಅವನು ಅವಳ ಮುಖದ ಗುರುತು ನೋಡಿ ಮೂಗರಳಿಸುವುದನ್ನು ರೂಢಿ ಮಾಡಿಕೊಂಡಿದ್ದ. ದಡ್ಡಿ ಎಂಬ ಊರಲ್ಲಿ ನೆಂಟರ ಮದುವೆಯೊಂದರಲ್ಲಿ ಮುಚ್ಚಿದ ಹಂಡೆಯ ಬಳಿ ನಿಂತು, “ಆಹಾ, ಘಮಾ ಅಂತೈತಿ” ಎಂದುಬಿಟ್ಟ. ಅಡುಗೆಗೆ ನಿಂತಿದ್ದ ಹುಡುಗಿಯೊಬ್ಬಳು, “ಇನ್ನೂ ಒಲಿ ಹೊತ್ತಿಸಿಲ್ಲ, ಮಾವಗ ಹುಗ್ಗಿ ವಾಸನಿ ಬಂತ ನೋಡ್ರವಾ!” ಎಂದು ಕೂಗಿದಳು. ಎಲ್ಲರೂ ನಕ್ಕರು, ಅವನೂ ನಕ್ಕ. ಊಟ ಮುಗಿಯುವವರೆಗೂ ಅವನು ಹಂಡೆಗಳ ಕಡೆ ಸುಳಿಯಲಿಲ್ಲ.

ಡಿಪೋದಲ್ಲಿ ಅವನನ್ನು ಕಾಪಾಡಿದ್ದು ಗಂಧಕದ ಬತ್ತಿ. ಹಚ್ಚಿದ ಗಂಧಕವನ್ನು ಅಮೋನಿಯಾ ಸೋರುವ ಕಡೆ ಹಿಡಿದರೆ ದಟ್ಟವಾದ ಬಿಳಿ ಹೊಗೆ ಏಳುತ್ತದೆ. ಉಳಿದ ಡಿಪೋಗಳಲ್ಲಿ ಮೂಗಿಗೆ ಸಂಶಯ ಬಂದ ಮೇಲೆ ಬತ್ತಿ ಹಚ್ಚುತ್ತಿದ್ದರು. ಕೇದಾರಿ ದಿನಾ ಬೆಳಗಾದರೆ ಹಚ್ಚಿಕೊಂಡು ಸಾಲು ಸಾಲು ಸುತ್ತುತ್ತಿದ್ದ. “ಎಷ್ಟ ಕಾಳಜಿ ಮನಶ್ಯಾಗ!” ಎಂದು ನೇಮಣ್ಣ ಕಂಡವರ ಮುಂದೆಲ್ಲ ಹೊಗಳಿದ.

ಎರಡು ಸಾವಿರದ ಇಸವಿಯಲ್ಲಿ ಡಿಪೋಕ್ಕೆ ಕಂಪ್ಯೂಟರ್ ಬಂತು. ನೇಮಣ್ಣನ ಮಗ ಜಿನದತ್ತ ಬೆಳಗಾವಿಯಲ್ಲಿ ಓದಿ ಬಂದಿದ್ದ. ಗೆಳೆಯನೊಬ್ಬನ ಕೈಯಿಂದ ಸಿಲಿಂಡರುಗಳ ಜಾಡು ಹಿಡಿಯುವ ಪ್ರೋಗ್ರಾಮೊಂದನ್ನು ಬರೆಸಿಕೊಂಡಿದ್ದ. ಎದುರಿನ ಗಾಜಿನ ಕೋಣೆಯಲ್ಲಿ ನೀಲಿ ಪರದೆ ಹೊಳೆಯಿತು.

“ನೋಡ್ರಿ ಕೇದಾರಿ ಕಾಕಾ,” ಎಂದ ಜಿನದತ್ತ, “ಸಿಲಿಂಡರಿನ ಮೈಮ್ಯಾಲಿನ ನಂಬರ ಒತ್ತಿದರ ಸಾಕು. ಹುಕ್ಕೇರಿ ಫ್ಯಾಕ್ಟರ್ಯಾಗ ಐತ್ಯೋ, ಮೂಡಲಗಿ ಡೇರ್ಯಾಗ ಐತ್ಯೋ, ಖಾಲಿ ತೂಕ ಎಷ್ಟು, ತುಂಬಿದ ತೂಕ ಎಷ್ಟು, ಎಲ್ಲಾ ಹೇಳತೈತಿ.”

“ಸೋರಿದರ?”

“ತೂಕ ಇಳೀತೈತಿ. ವಾರಕ್ಕೊಮ್ಮಿ ತೂಕಾ ಮಾಡಿ ನೀವು ಹೇಳ್ರಿ, ನಾ ಹಾಕ್ತೇನಿ. ಇಳದಿದ್ದರ ಆ ಸಾಲು ಮಿಣಕ್ ಮಿಣಕ್ ಅಂತೈತಿ. ಇನ್ನ ಮೂಗು ಸೆಟಿಸಿಕೊಂಡು ಅಡ್ಡಾಡೂದ ಬ್ಯಾಡ.”

ಕೇದಾರಿ ಆ ಪರದೆಯನ್ನು ಬಹಳ ಹೊತ್ತು ನೋಡಿದ. ಬೆಳಗಾವಿಯಿಂದ ಪೆಟ್ಟಿಗೆಯಲ್ಲಿ ತನಗೊಂದು ಮೂಗು ಬಂದಿದೆ ಎನಿಸಿತು. ತೂಕದ ಕೆಲಸವನ್ನು ಅವನು ವ್ರತದಂತೆ ಹಿಡಿದ. ಗಂಧಕದ ಬತ್ತಿಗಳು ಗೂಡಿನಲ್ಲಿ ಧೂಳು ಹಿಡಿದವು.

ಎಲ್ಲ ಸಿಲಿಂಡರುಗಳ ಮೈಯ ಸಂಖ್ಯೆಗಳೂ ಪರದೆಯನ್ನು ಸೇರಿದವು, ಒಂದನ್ನು ಬಿಟ್ಟು. ಡಿಪೋ ಆರಂಭವಾದ ದಿನ ಬಂದ ಮೊದಲ ಲಾರಿಯಿಂದ ನೇಮಣ್ಣನ ತಾಯಿ ಜಿನ್ನವ್ವ ಒಂದು ತುಂಬಿದ ಸಿಲಿಂಡರನ್ನು ಈಶಾನ್ಯ ಮೂಲೆಗೆ ಇಡಿಸಿದ್ದಳು. ಮನೆಯ ಕಾಳಿನ ಮಡಕೆಯನ್ನು ತಳ ಕಾಣುವಂತೆ ಬರಿದು ಮಾಡಬಾರದಲ್ಲವೆ, ಹಾಗೆ ಉಗ್ರಾಣವೂ ಎಂದೂ ಬರಿದಾಗಬಾರದೆಂಬ ನೇಮ. ಅದು ಮಾರಾಟಕ್ಕಲ್ಲ. ಅದರ ಹೆಸರು ಲಕ್ಷ್ಮಿ. ಸಂಜೆಗೊಮ್ಮೆ ಅರಿಶಿನ, ಕುಂಕುಮ, ದಾಸವಾಳ. ಪ್ರತಿ ಖಂಡೇನವಮಿಗೆ ಮೊದಲ ತೆಂಗಿನಕಾಯಿಯನ್ನು ಅದರ ಕಬ್ಬಿಣದ ನೆತ್ತಿಗೇ ಬಡಿದು ಒಡೆಯುವುದು. ಕಾಯಿಯ ನೀರು ವಾಲ್ವಿನ ಬುಡದ ಮೇಲೆ ಇಳಿದು, ಕುಂಕುಮದ ಪದರಗಳಲ್ಲಿ ಇಂಗಿ, ಅಲ್ಲೇ ಉಳಿಯುತ್ತಿತ್ತು. ಅದರ ಬಳಿ ಗಂಧಕ ಹಚ್ಚುವುದಕ್ಕೂ ಜಿನ್ನವ್ವನ ಅಪ್ಪಣೆಯಿರಲಿಲ್ಲ. ದೇವಿಯೆದುರು ಅಂಥ ಹೊಗೆ ಸಲ್ಲದು.

“ಆ ಮೂಲ್ಯಾಗಿಂದರ ನಂಬರ?” ಎಂದು ಜಿನದತ್ತ ಕೇಳಿದಾಗ ಅಜ್ಜಿ ಬಾಗಿಲಲ್ಲಿ ಕೂತು ಮೂಗಿಗೆ ತಪಕೀರಿನ ನಶ್ಯ ಏರಿಸುತ್ತಿದ್ದಳು.

“ಏ ಜಿನದತ್ತಾ, ಲಕ್ಷ್ಮೀನ ಎಣಸ್ತಾರೇನೋ? ಎಣಿಸಿದ್ದು ಹೊರಗ ಹೋಗತೈತಿ.”

“ಆಯೀ, ಅದೂ ಸಿಲಿಂಡರನ ಅಲಾ?”

“ನಿಮ್ಮಜ್ಜನೂ ಮನಶ್ಯಾನ ಇದ್ದ. ಫೋಟೋಕ್ಕ ಮಾಲಿ ಹಾಕಿದ ಮ್ಯಾಲೆ ರೇಶನ್ ಕಾರ್ಡಿನ್ಯಾಗ ಅವನ ಹೆಸರ ಇಟ್ಟೀರೇನು?”

ಜಿನದತ್ತ ನಗುತ್ತ ಕೇದಾರಿಯತ್ತ ತಿರುಗಿದ. ಉಗ್ರಾಣ ಅವನದು, ಅವನು ಹೂಂ ಎಂದಿದ್ದರೆ ಮೊಮ್ಮಗ ಅಜ್ಜಿಯನ್ನು ಒಲಿಸುತ್ತಿದ್ದನೇನೋ.

“ಆಯಿ ಹೇಳೂದು ಖರೆ ಐತ್ರಿ,” ಎಂದ ಕೇದಾರಿ. “ದೇವರಿಗೆ ತೂಕ ಯಾಕ?”

ಅರಿಶಿನ ಕೆಂಪಾಗತೊಡಗಿದ್ದು ಅದರ ಮರುವರ್ಷ, ಶ್ರಾವಣ ಕಳೆದ ಮೇಲೆ. ಸುದ್ದಿ ಮೊದಲು ಹಬ್ಬಿಸಿದವಳು ಡಿಪೋದ ಎದುರಿನ ಮನೆಯ ಸಾತವ್ವ. ಬೆಳಿಗ್ಗೆ ಕೇದಾರಿ ಕದ ತೆರೆಯುವುದನ್ನೇ ಕಾದು ಒಳಗೆ ಹೆಜ್ಜೆಯಿಟ್ಟು, ಕೆಂಪು ಕೊರಳನ್ನು ಕಂಡು, “ನಮ್ಮವ್ವ ತಾನ ಕುಂಕಮಾ ಹಚಗೊಂಡಾಳ!” ಎಂದು ಅಲ್ಲೇ ಕುಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅಲ್ಲಿಂದಾಚೆ ಶುಕ್ರವಾರ, ಮಂಗಳವಾರ ಹೆಂಗಸರು ಬರತೊಡಗಿದರು. ಸಿಲಿಂಡರಿನ ಎದುರು ನಿಂತವರೆಲ್ಲ ಅಳುತ್ತಿದ್ದರು. ಹರಕೆ ಹೊತ್ತವರು ಅತ್ತರು, ಸುಮ್ಮನೆ ನೋಡಲು ಬಂದವರೂ ಅತ್ತರು. ಕಂಕುಳಲ್ಲಿದ್ದ ಕೂಸುಗಳು ಮಾತ್ರ ಆ ಮೂಲೆಗೆ ಬಂದೊಡನೆ ಮುಖ ತಿರುಗಿಸಿ ಚೀರುತ್ತಿದ್ದವು.

ಬೇರೆ ಸಂಗತಿಗಳೂ ನಡೆದವು. ಜಂತಿಯಲ್ಲಿ ಗೂಡು ಕಟ್ಟಿದ್ದ ಗುಬ್ಬಿಗಳು ಹೊರಟುಹೋದವು. ಗೋಣಿಚೀಲದ ಮೇಲೆ ಮರಿ ಹಾಕಿದ್ದ ಬೆಕ್ಕು ಒಂದೊಂದನ್ನೇ ಕಚ್ಚಿಕೊಂಡು ರಸ್ತೆ ದಾಟಿಸಿ ಬಂದು, ಖಾಲಿಯಾದ ಚೀಲವನ್ನು ಒಮ್ಮೆ ದೂರದಿಂದ ನೋಡಿ ಹೋಯಿತು. ಸಂಜೆ ಏರಿಸಿದ ಕೆಂಪು ದಾಸವಾಳ ಬೆಳಗಾಗುವಷ್ಟರಲ್ಲಿ ನೀಲಿಗೆ ತಿರುಗಿ, ಹೆಣದ ತುಟಿಯ ಬಣ್ಣಕ್ಕೆ ಬಂದಿರುತ್ತಿತ್ತು. ಕೇದಾರಿ ಅದನ್ನು ಯಾರಿಗೂ ತೋರಿಸದೆ ತೆಗೆದು ಒಗೆಯುತ್ತಿದ್ದ. ದೇವಿ ಪ್ರಸನ್ನಳಾಗಿದ್ದರೆ ಹೂವೇಕೆ ಹೀಗಾಗಬೇಕು ಎಂಬ ಪ್ರಶ್ನೆಯನ್ನು ತನ್ನೊಳಗೂ ಪೂರ್ತಿಯಾಗಿ ಕೇಳಿಕೊಳ್ಳುತ್ತಿರಲಿಲ್ಲ.

“ಇತ್ತಿತ್ತಲಾಗ ಘಾಟ ಜಾಸ್ತಿ ಆಗೇತಿ,” ಎಂದಳು ಒಂದು ದಿನ ಕರೆವ್ವ, ಅವನ ಅಂಗಿ ಒಗೆಯುತ್ತ.

ಅವನು ಆಗಲೇ ಗಾಜಿನ ಕೋಣೆಗೆ ಹೋಗಿ ಜಿನದತ್ತನನ್ನು ಕೇಳಿದ. ಜಿನದತ್ತ ಪರದೆಯ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೂ ಓಡಿಸಿ ತೋರಿಸಿದ. ಯಾವ ಸಾಲೂ ಮಿಣುಕಲಿಲ್ಲ.

“ಎಲ್ಲಾ ಬರೋಬ್ಬರಿ ಐತಿ ಕಾಕಾ. ಗ್ಯಾಸಿನ ಡಿಪೋದಾಗ ಗ್ಯಾಸ ನಾರಲಾರದ ಗುಲಾಬಿ ನಾರತೈತೇನು? ಸಕ್ಕರಿ ಕಾರ್ಖಾನಿ ಬಾಜೂಕ ಇದ್ದವ್ರು ಕಾಕಂಬಿ ನಾರತೈತಿ ಅಂತ ಯಾವಾಗರ ತಕರಾರ ಮಾಡ್ಯಾರೇನು? ನಿಮ್ಮ ಮೂಗಿಗೇನ ಬಂತೇನು ವಾಸನಿ?”

“ಇಲ್ರಿ,” ಎಂದ ಕೇದಾರಿ. ಅದು ನಿಜವಾಗಿತ್ತು.

ಮನೆಗೆ ಬಂದು ಕರೆವ್ವನಿಗೆ ಹೇಳಿದ: “ಕಂಪ್ಯೂಟರದಾಗ ಏನೂ ಇಲ್ಲ.” ಅವಳು ಅಂದುಕೊಂಡಳು: ತನ್ನ ಮೂಗಿಗಿಂತ ಅವನ ಆ ಪೆಟ್ಟಿಗೆಯ ಮೂಗು ದೊಡ್ಡದು, ಅದಕ್ಕೆ ಕರೆಂಟು ಬೇರೆ ಇದೆ.

ಖಂಡೇನವಮಿಯ ಬೆಳಿಗ್ಗೆ ಉಗ್ರಾಣ ತುಂಬಿತ್ತು. ದೀಪಗಳು ಗಾಳಿಗೆ ಆರದಿರಲೆಂದು ಮೂರು ಕಡೆಯ ಕದಗಳನ್ನು ಮುಚ್ಚಿದ್ದರು. ಲಕ್ಷ್ಮಿಗೆ ತೀರ ಹತ್ತಿರ ಜಿನ್ನವ್ವ ಮಣೆಯ ಮೇಲೆ ಕೂತಿದ್ದಳು. ಸಾತವ್ವನೂ ಓಣಿಯ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಾಡು ಹೇಳುತ್ತಿದ್ದರು. ಹಾಡು ನಡುನಡುವೆ ಕೆಮ್ಮಿನಲ್ಲಿ ತುಂಡಾಗುತ್ತಿತ್ತು. ದೃಷ್ಟಿ ತೆಗೆಯಲು ಓಕುಳಿ ಆರತಿ ಬೇಕಿತ್ತು. ಕರೆವ್ವ ಗಂಗಾಳದ ನೀರಿಗೆ ಅರಿಶಿನ ಕಲಸಿ, ಅದನ್ನು ಸಿಲಿಂಡರಿನ ಕೊರಳಿಗೆ ತಾಗಿದ ಕಟ್ಟೆಯ ಮೇಲಿಟ್ಟು, ಸುಣ್ಣದ ಡಬ್ಬಿ ತರಲೆಂದು ಕೋಣೆಗೆ ಹೋದಳು. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ತಾನೆ ಅದು ಓಕುಳಿಯಾಗುವುದು. ಇದು ಪ್ರತಿ ಮನೆಯ ಹೆಣ್ಣುಮಗಳಿಗೂ ಗೊತ್ತು.

ಅವಳು ಡಬ್ಬಿ ಹಿಡಿದು ಮರಳಿದಾಗ ಗಂಗಾಳದ ನೀರು ಅಂಚಿನಿಂದ ನಡುವಿನತ್ತ ಕೆಂಪಾಗುತ್ತಿತ್ತು.

“ನೋಡ್ರವಾ, ನೋಡ್ರಿ!” ಎಂದು ಸಾತವ್ವ ನೆಲಕ್ಕೆ ಹಣೆ ಹಚ್ಚಿದಳು. ಕರೆವ್ವ ಮಾತ್ರ ಗಂಡನ ತೋಳು ಹಿಡಿದು ಗೋಡೆಯ ಬದಿಗೆ ಸರಿಸಿದಳು.

“ನಾ ಇನ್ನೂ ಸುಣ್ಣಾ ಹಾಕಿಲ್ಲ,” ಎಂದಳು ಮೆಲ್ಲಗೆ. “ಸುಣ್ಣದಂಥಾದ್ದ ಏನೋ ಗಾಳ್ಯಾಗ ಐತಿ. ಇಲ್ಲೆ ಎಷ್ಟ ಘಾಟ ಐತಿ, ಗೊತ್ತೇನ ನಿಮಗ?”

“ಎಷ್ಟ?”

“ಕಣ್ಣಾಗ ನೀರ ಬರೂವಷ್ಟ.”

ಕೇದಾರಿ ಅಳುತ್ತಿರುವ ಮುಖಗಳನ್ನು ನೋಡಿದ. ಇಷ್ಟು ದಿನ ಅಲ್ಲಿ ನಿಂತು ಅತ್ತವರೆಲ್ಲ ಒಮ್ಮೆಲೆ ಅವನ ಕಣ್ಣ ಮುಂದೆ ಬಂದರು. ತನ್ನ ಕೆನ್ನೆ ಮುಟ್ಟಿಕೊಂಡ. ಅದೂ ಒದ್ದೆಯಾಗಿತ್ತು.

ಅಷ್ಟರಲ್ಲಿ ನೇಮಣ್ಣ ತೆಂಗಿನಕಾಯಿ ಹಿಡಿದು ಲಕ್ಷ್ಮಿಯ ಎದುರು ನಿಂತಾಗಿತ್ತು. ಕಾಯಿಯ ಜುಟ್ಟು ಹಿಡಿದ ಕೈ ಮೇಲೇರಿತು. ಅದರ ಕೆಳಗೆ ಕುಂಕುಮ ಮೆತ್ತಿದ ವಾಲ್ವು. ಕೇದಾರಿ ಹೆಂಗಸರನ್ನು ದಾಟಿ ಓಡಿ ಸಾವಕಾರರ ಮುಂಗೈ ಹಿಡಿದುಬಿಟ್ಟ. ಹಾಡು ನಿಂತಿತು.

“ಕೈ ಬಿಡೋ,” ಎಂದ ನೇಮಣ್ಣ. “ಹುಚ್ಚ ಹಿಡದೈತೇನ ನಿನಗ?”

“ಬಡೀಬ್ಯಾಡ್ರಿ ಸಾವ್ಕಾರ್ರ. ಸೋರಾಕತ್ತೈತಿ.”

“ಎಲ್ಲಾ ತೂಕ ಮೊನ್ನೇನ ಹಾಕೇವಲಾ ಕಾಕಾ,” ಎಂದ ಜಿನದತ್ತ ಹಿಂದಿನಿಂದ. “ಒಂದೂ ಇಳದಿಲ್ಲ.”

“ಇದನ್ನ ಹಾಕಿಲ್ಲಲ್ರೀ.”

ಕೇದಾರಿ ಗೂಡಿನಿಂದ ಗಂಧಕದ ಬತ್ತಿ ತಂದು ದೀಪಕ್ಕೆ ಹಿಡಿದ. “ಅವ್ವನ ಮುಂದ ಅದನ್ನ ಹಚ್ಚಬ್ಯಾಡೋ!” ಎಂದು ಜಿನ್ನವ್ವ ಚೀರಿದಳು. ಅವನು ಬತ್ತಿಯನ್ನು ಸಿಲಿಂಡರಿನ ಕೊರಳಿಗೆ ಒಯ್ದ. ಕ್ಷಣಕಾಲ ಏನೂ ಆಗಲಿಲ್ಲ. ಆಮೇಲೆ ವಾಲ್ವಿನ ಬುಡದಿಂದ ಬಿಳಿ ಹೊಗೆ ಎದ್ದಿತು. ಮೊದಲು ನೂಲಿನಂತೆ, ಆಮೇಲೆ ಜಡೆಯಂತೆ, ಆಮೇಲೆ ಎದ್ದು ನಿಂತ ಹೆಂಗಸಿನಂತೆ ಜಂತಿಯವರೆಗೆ. ಹೆಂಗಸರು ಅದಕ್ಕೂ ಕೈಮುಗಿದರು.

“ಓಡ್ರಿ!” ಎಂದು ಕೂಗಿದ ಕೇದಾರಿ. ಆ ದನಿ ತನ್ನದಲ್ಲವೆಂದು ಅವನಿಗೆ ಅನಿಸಿತು. ಅದು ಅವನು ಮುಂಚೆ ಒಮ್ಮೆ ಕೇಳಿದ್ದ ದನಿ.

ಜಿನದತ್ತ ಅಜ್ಜಿಯನ್ನು ಮಣೆಯ ಸಮೇತ ಎತ್ತಿಕೊಂಡ. ಕದಗಳೆಲ್ಲ ತೆರೆದುಕೊಂಡವು. ಎಲ್ಲರೂ ಬಯಲಿಗೆ ಬಂದು ಕೆಮ್ಮುತ್ತ ನಿಂತಾಗ ನೇಮಣ್ಣ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ ಸಂಗತಿಯನ್ನು ತಿಳಿಯಬೇಕೆಂಬ ಹಟವಿತ್ತು.

“ಅಲ್ಲೋ ಕೇದಾರಿ. ನಾ ತಿಂಗಳಿಗೊಮ್ಮಿ ಬರಾಂವ, ನಮ್ಮವ್ವನ ಮೂಗಿನ್ಯಾಗ ತಪಕೀರು, ಈ ಹುಡುಗ ಗಾಜಿನ ಕೋಣ್ಯಾಗ ಇರಾಂವ. ನೀ ದಿನಾ ಅದರ ಬಾಜೂಕ ನಿಂತು ಅರಿಷಿಣಾ ಹಚ್ಚಾಂವ. ನಿನಗ ಹೆಂಗ ವಾಸನಿ ಬರಲಿಲ್ಲ?”

ಇದಕ್ಕೆ ಹೇಳಬಹುದಾದ ಸುಳ್ಳುಗಳಿದ್ದವು. ನೆಗಡಿ ಎನ್ನಬಹುದಿತ್ತು, ದೇವಿಯ ಭಯ ಎನ್ನಬಹುದಿತ್ತು. ಕೇದಾರಿ ಕರೆವ್ವನ ಮುಖ ನೋಡಿದ. ಈ ಸಲ ಅವಳು ಯಾವ ಗುರುತನ್ನೂ ಕೊಡಲಿಲ್ಲ.

“ನನಗ ವಾಸನೀನ ಬರಂಗಿಲ್ಲರಿ,” ಎಂದ. “ನಿಮ್ಮ ಕಡೆ ಬರೂಕಿಂತ ಮೊದಲಿಂದೂ.”

ಒದ್ದೆ ಗೋಣಿ ಸುತ್ತಿದ ಸಿಲಿಂಡರನ್ನು ಹಮಾಲರು ಹಿಂದಿನ ನೀರಿನ ಹೌದಿಗೆ ಇಳಿಸಿದರು. ನೀರು ಬಹಳ ಹೊತ್ತು ಪಿಸುಗುಟ್ಟಿತು. ಮರುದಿನ ಕುಂಕುಮದ ಪದರಗಳನ್ನು ಕೆರೆದಾಗ ವಾಲ್ವಿನ ಬುಡದ ಕಬ್ಬಿಣ ಉಗುರಿಗೇ ಉದುರಿಬಂತು. ಇನ್ನೊಂದು ಕಾಯಿಯ ಪೆಟ್ಟನ್ನು ಅದು ತಾಳುತ್ತಿರಲಿಲ್ಲ. ವರ್ಷವರ್ಷವೂ ಇಳಿದ ಕಾಯಿಯ ನೀರು ಅದನ್ನು ಹನಿಹನಿಯಾಗಿ ತಿಂದುಹಾಕಿತ್ತು.

ನೇಮಣ್ಣ ಕೇದಾರಿಯನ್ನು ಬೈಯಲಿಲ್ಲ. ತಾಯಿಯನ್ನು ಉಳಿಸಿದವನೆಂದು ಧೋತರ, ಸೀರೆ ಕೊಟ್ಟ. ಆಮೇಲೆ ಕೈಚಾಚಿ ಕೀಲಿ ಕೇಳಿದ. “ಸುಳ್ಳಂತ ಅಲ್ಲೋ. ಇನ್ನ ನಾ ನಿದ್ದಿ ಹೆಂಗ ಮಾಡ್ಲಿ, ಹೇಳು?” ಎಂದ. ಕೇದಾರಿಗೆ ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಉಡಿದಾರದಿಂದ ಕೀಲಿ ಬಿಚ್ಚಿ ಕೊಟ್ಟ.

ಜಿನದತ್ತ ಅಂದು ಸಂಜೆ ಲಕ್ಷ್ಮಿಯ ಮೈಮೇಲಿನ ಸಂಖ್ಯೆಯನ್ನು ಕೊನೆಗೂ ಕಂಪ್ಯೂಟರಿಗೆ ಹಾಕಿದ. ಕೆಟ್ಟು ಹೊರಬಿದ್ದ ಸಿಲಿಂಡರಾದರೂ ಯಾರ ಹೆಸರಿನಲ್ಲಿ ಹೊರಗೆ ಹೋಗಿದೆ ಎಂಬುದನ್ನು ತುಂಬದೆ ಪ್ರೋಗ್ರಾಮು ಮುಂದಕ್ಕೆ ಸರಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅವನು ಕೇದಾರಿಯ ಹೆಸರು ಒತ್ತಿದ. ಅಂದಿನಿಂದ ದಿನವೂ ಕದ ಹಾಕುವ ಮುನ್ನ ನೀಲಿ ಪರದೆಯಲ್ಲಿ ಒಂದು ಸಾಲು ಮಿಣುಕುತ್ತಿತ್ತು: ಕೇದಾರಿ, ಒಂದು, ಮರಳಿಲ್ಲ. ಹೊಸ ಉಗ್ರಾಣದವನಿಗೆ ಮೂಗು ಚುರುಕಾಗಿತ್ತು. ಆದರೂ ಅವನು ಬೆಳಿಗ್ಗೆ ಎಲ್ಲ ವಾಲ್ವುಗಳಿಗೂ ಒಂದೊಂದು ಬೊಟ್ಟು ಅರಿಶಿನ ಇಟ್ಟೇ ಕೆಲಸಕ್ಕೆ ತೊಡಗುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿದ್ದಿಲ್ಲ.

ಕೇದಾರಿ ಮೂಡಲಗಿಗೆ ಹೋದ. ಅಲ್ಲೊಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಅಚ್ಚಿನ ಪೆಂಟೆಗಳನ್ನು ತೂಗುವ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಮೂಗಿನ ವಿಚಾರ ಕೇಳಲಿಲ್ಲ. ಬೆಲ್ಲದ ರಾಶಿಗಳ ನಡುವೆ ಇಡೀ ದಿನ ಕೂತು, ತನಗೆ ಯಾವ ವಾಸನೆಯೂ ಇಲ್ಲದ ಗಾಳಿಯನ್ನು ಉಸಿರಾಡಿ, ಸಂಜೆ ಕಬ್ಬಿನ ತೋಟದ ಅಂಚಿನ ಬಾಡಿಗೆ ಕೋಣೆಗೆ ಮರಳುತ್ತಾನೆ. ಕೋಣೆಯ ಬಾಗಿಲು ಪಡುವಣಕ್ಕಿದೆ. ಅಷ್ಟರಲ್ಲಿ ಕರೆವ್ವ ಮುಖ ತೊಳೆದು, ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಹೊಸ್ತಿಲ ಮೇಲೆ ಕೂತಿರುತ್ತಾಳೆ. ಅವನು ಬೇರೇನನ್ನೂ ನೋಡುವ ಮೊದಲು ಆ ಕೆನ್ನೆಯನ್ನು ನೋಡುತ್ತಾನೆ. ಕಬ್ಬಿನ ಆಚೆ ಇಳಿಯುವ ಬಿಸಿಲು ಓರೆಯಾಗಿ ಬೀಳುವಾಗ ಅದು ಕೆಂಪಾಗಿ ಕಾಣುತ್ತದೆ.

“ಒಳಗ ಸರಿ,” ಎನ್ನುತ್ತಾನೆ.

ಅವಳಿಗೆ ಅರ್ಥವಾಗುತ್ತದೆ. ನೆರಳಿಗೆ ಸರಿದು ಮುಖ ತಿರುಗಿಸುತ್ತಾಳೆ. “ಹಳದೀನ ಐತಿ, ನೋಡ್ರಿ. ಹೊತ್ತ ಮುಳಗಾಕತ್ತೈತಿ, ಅಷ್ಟ.”

ಅವನು ತಲೆಯಾಡಿಸುತ್ತಾನೆ. ಆದರೂ ಬಿಸಿಲು ಪೂರ್ತಿಯಾಗಿ ಆರುವವರೆಗೂ ಉಸಿರು ಬಿಗಿಹಿಡಿದು ಹೊಸ್ತಿಲ ಹೊರಗೇ ನಿಂತಿರುತ್ತಾನೆ.